ತಿಕೋಟಾದಿಂದ ತಂದ ರೊಟ್ಟಿಯ ಸಪ್ಪಳ

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ಅಕ್ಕನಾಗಮ್ಮ ದೇವರನ್ನು ನಂಬಿದ್ದಾಳೆ, ಹಾಲಿನವನನ್ನೂ ನಂಬಿದ್ದಾಳೆ. ನನ್ನ ಯೋಜನೆಗಳನ್ನು ಮಾತ್ರ ಒಂದು ದಿನವೂ ನಂಬಿಲ್ಲ. (ಕಾರಣಗಳಿವೆ. ಇದು ಅವುಗಳಲ್ಲಿ ಇತ್ತೀಚಿನದು.)

ಮಗಳು ರಾಜೇಶ್ವರಿ ಜಲನಗರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಆಕೆಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಕೂಡಿ ಬಂದಿದ್ದ ಎರಡು ಸಂಬಂಧಗಳು ಇದೊಂದೇ ಮಾತಿಗೆ ಮುರಿದಿದ್ದವು. ಮೂರನೆಯದು ಬಬಲೇಶ್ವರದ ಮುರಿಗೆವ್ವನವರ ಮಗ ಸಂಗು. ಅವನ ಫೋನ್ ಬಂದರೆ ಮಗಳ ಮುಖ ಅರಳುತ್ತಿತ್ತು. ಇದೂ ತಪ್ಪಬಾರದೆಂದು ನಾನು ಮಧ್ಯಸ್ಥರ ಮುಂದೆ, “ನಮ್ಮ ಹುಡುಗಿ ದಿನಾ ಮೂವತ್ತು ರೊಟ್ಟಿ ಬಡೀತಾಳ್ರಿ” ಎಂದುಬಿಟ್ಟೆ. ರವಿವಾರ ಅವರು ಊಟಕ್ಕೆ ಬರುವವರಿದ್ದರು.

“ಖರೇ ಹೇಳೂಣ್ರಿ. ಕೂಡಸೋದು ಬಿಡೋದು ಶಿವನ ಕೈಯಾಗ ಐತಿ,” ಎಂದಳು ಅಕ್ಕನಾಗಮ್ಮ.

“ಎರಡು ಸಲ ಖರೇ ಹೇಳಿ ಏನಾತು? ಶಿವಗ ನೂರೆಂಟು ಕೆಲಸ ಇರ್ತಾವ. ಇದನ್ನ ನನಗ ಬಿಡು.”

“ಅದಕ್ಕ ಅಂಜಿಕಿ ಬರಾಕತ್ತೈತಿ.”

ವಿಜಯಪುರದಲ್ಲೇ ರೊಟ್ಟಿ ಕೊಂಡರೆ ಸುದ್ದಿ ಹಬ್ಬುತ್ತದೆಂದು ರವಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ತಿಕೋಟಾಕ್ಕೆ ಹೋದೆ. ರಸ್ತೆಬದಿಯಲ್ಲಿ ರೊಟ್ಟಿ ಮಾರುವ ಸಬೀರಾ ಮೂವತ್ತು ಬಿಸಿ ರೊಟ್ಟಿ ಮಾಡಿಕೊಟ್ಟಳು. ಆಕೆ ಬಡಿಯುವ ಸಪ್ಪಳವನ್ನೂ ಫೋನಿನಲ್ಲಿ ಹಿಡಿದುಕೊಂಡೆ.

“ರೊಟ್ಟಿ ತಿನ್ನಾಕೋ, ಕೇಳಾಕೋ ಯಪ್ಪಾ?” ಎಂದು ಕೇಳಿದಳು. ಮುಗುಳ್ನಕ್ಕು ರೊಟ್ಟಿ ಕಟ್ಟಿಸಿಕೊಂಡೆ. ಮಹಾತಂತ್ರಗಳನ್ನು ಎಲ್ಲರಿಗೂ ವಿವರಿಸಲಾಗುವುದಿಲ್ಲ.

ಬೀಗರಾಗುವವರು ಬಂದು ಕುಳಿತರು. ಮಗಳನ್ನು ಅಡುಗೆಮನೆಗೆ ಕಳಿಸಿ, ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿದ್ದ ಫೋನಿಗೆ ಚಾಲನೆ ಕೊಟ್ಟು ಬಂದೆ. ಪಟ್ ಪಟ್ ಪಟ್. ಅಪ್ಪಟ ಸಪ್ಪಳ.

“ರಾಜೇಶ್ವರಿ ರೊಟ್ಟಿ ಬಡಿಯಾಕತ್ತಾಳ್ರಿ,” ಎಂದೆ.

ಅಷ್ಟರಲ್ಲಿ ರಾಜೇಶ್ವರಿ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಒಳಗೆ ಪಟ್ ಪಟ್ ನಡೆದೇ ಇತ್ತು.

“ಮತ್ತ ಒಳಗ ಯಾರ್ರಿ?” ಎಂದರು ಮುರಿಗೆವ್ವ.

“ಅವರವ್ವ,” ಎಂದೆ. ಅವರವ್ವ ನನ್ನ ಪಕ್ಕದಲ್ಲೇ ಕುಳಿತಿದ್ದಳು.

ಅಡುಗೆಮನೆಯಿಂದ ಲಾರಿಯ ಹಾರ್ನ್ ಕೇಳಿಸಿತು. ಆಮೇಲೆ ಸಬೀರಾಳ ದನಿ: “ಸಾಕೇನ್ರಿ ಯಪ್ಪಾ? ಕೈ ನೋಯಾಕತ್ತಾವ!”

ಸಂಗು ಮುಖ ಮುಚ್ಚಿಕೊಂಡು ನಗತೊಡಗಿದ. ಮುರಿಗೆವ್ವ ನಗಲಿಲ್ಲ.

“ಬುಧವಾರನ ನಿಮ್ಮ ಮನಿಯವರು ಫೋನ್ ಮಾಡಿ ಎಲ್ಲಾ ಹೇಳ್ಯಾರ್ರಿ ಯಣ್ಣಾ. ‘ಹುಡುಗಿಗೆ ರೊಟ್ಟಿ ಬರಂಗಿಲ್ಲ. ಬ್ಯಾಡಾದ್ರ ಈಗ ಹೇಳ್ರಿ, ಶಿವ ಇಟ್ಟಂಗ ಇರ್ತೇವಿ’ ಅಂದ್ರು. ಇಂಥವರ ಸಂಬಂಧ ಬಿಡಬಾರದಂತ ಬಂದೇವಿ. ರೊಟ್ಟಿ ಏನ್ ದೊಡ್ಡದ್ರಿ, ನಮ್ಮ ಸಂಗುಗ ಬಡಿಯಾಕ ಬರ್ತೈತಿ.”

ಅಕ್ಕನಾಗಮ್ಮನ ಕಡೆ ನೋಡಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದಳು. ಬುಧವಾರದಿಂದ ಆಕೆ ಸರಿಯಾಗಿ ಊಟ ಮಾಡಿರಲಿಲ್ಲ. ನಾನು ಅದನ್ನು ಯಾವುದೋ ವ್ರತವೆಂದುಕೊಂಡಿದ್ದೆ. ಎರಡು ಸಲ ಪೆಟ್ಟು ಕೊಟ್ಟ ಸತ್ಯವನ್ನೇ ಮೂರನೆಯ ಸಲವೂ ಹೇಳಿ, ಉಳಿದದ್ದನ್ನು ದೇವರಿಗೆ ಬಿಟ್ಟು ಕೂರುವ ಎದೆ ನನಗಿಲ್ಲ.

“ಅಂದ್ರ... ಒಪ್ಪಿಗಿ ಅಲ್ರಿ?” ಎಂದೆ.

“ಹುಡುಗಿ ಒಪ್ಪಿಗಿ. ಹುಡುಗಿ ಅವ್ವನೂ ಒಪ್ಪಿಗಿ,” ಎಂದು ಮುರಿಗೆವ್ವ ಕೈ ತೊಳೆಯಲು ಎದ್ದರು. “ನಿಮ್ಮ ಬಗ್ಗೆ ಮಾತ್ರ ಒಂದು ವಾರ ವಿಚಾರ ಮಾಡಿ ಹೇಳ್ತೇವಿ.”