ಕಪ್ಪೆಯವರೂ ಮಾವನ ತಕರಾರು ಅರ್ಜಿಯೂ

ಅಮೆರಿಕದ ದೊಡ್ಡ ಕಂಪನಿಯೊಂದರ ಮೇಲೆ ಕೃಷ್ಣರಾಜನಗರದಿಂದ ತಕರಾರು ಅರ್ಜಿ ಹಾಕಿದ ಏಕೈಕ ಮಹಾನುಭಾವರು ನಮ್ಮ ಸೋದರಮಾವ. ನಂಬದಿದ್ದರೆ ಬಿಡಿ, ಅವರ ಜೊತೆ ಸಂಸಾರ ಮಾಡಿದ ನಮ್ಮತ್ತೆಯೇ ನಂಬಿರಲಿಲ್ಲ!

ಮಾವ ಪತ್ರಬರಹಗಾರರು. ಜಮೀನಿನ ಕ್ರಯಪತ್ರ, ವಿಭಾಗಪತ್ರ ಬರೆಯುವುದು ಕೆಲಸ. ಊರಿಗೆ ಸೈಬರ್ ಸೆಂಟರ್ ಬಂದ ಕಾಲದಲ್ಲಿ, ಐವತ್ತು ದಾಟಿದ ಮೇಲೆ, ಹಟ ಹಿಡಿದು ಪ್ರೋಗ್ರಾಂ ಬರೆಯಲು ಕಲಿತರು. ಹೆಸರು, ಸರ್ವೆ ನಂಬರು ತುಂಬಿದರೆ ಸಾಕು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಸಮೇತ ಪತ್ರ ತಯಾರು. ಜಗತ್ತಿನ ಪ್ರೋಗ್ರಾಂ ಬರಹಗಾರರೆಲ್ಲ ತಮ್ಮ ಬರಹ ತಂದಿಟ್ಟು, ಒಬ್ಬರದನ್ನೊಬ್ಬರು ಪುಕ್ಕಟೆ ತಿದ್ದುವ ವೆಬ್‌ಸೈಟೊಂದಿತ್ತು. ಮಾವ ತಮ್ಮದನ್ನೂ ಅಲ್ಲಿ ಇಟ್ಟರು.

ಮೊದಮೊದಲು ಅದು ಯಾರ ಗದ್ದೆಗೇ ಆಗಲಿ ನಾಲ್ಕೂ ಕಡೆ ಬಾಜುದಾರನೆಂದು, ಅಂದರೆ ಪಕ್ಕದ ಜಮೀನಿನವನೆಂದು, ಒಬ್ಬನನ್ನೇ ಕೂರಿಸುತ್ತಿತ್ತು. ತಿದ್ದಿಕೊಟ್ಟವರು ‘ಹಸಿರು ಕಪ್ಪೆ’ ಎಂದು ಹೆಸರಿಟ್ಟುಕೊಂಡಿದ್ದ ಯಾರೋ ಪರದೇಶದವರು. ಅಂದಿನಿಂದ ಮೂರು ವರ್ಷ, ವಾರ ತಪ್ಪದೆ ಅದೇ ಜಾಗದಲ್ಲಿ, ಮಾವನ ಹರುಕುಮುರುಕು ಇಂಗ್ಲಿಷಿನಲ್ಲೇ, ಇಬ್ಬರ ಪತ್ರವ್ಯವಹಾರ. ಅಸಲಿ ಹೆಸರು ಗೊತ್ತಿಲ್ಲದಿದ್ದರೂ ಮಾವ ಬಹುವಚನ ಬಿಡಲಿಲ್ಲ.

“ಕಪ್ಪೆಯವ್ರಿಗೆ ಕೆಮ್ಮಂತೆ ಕಣೆ. ಶುಂಠಿ ಕಷಾಯ ಕುಡೀರಿ ಅಂತ ಬರ್ದಿವ್ನಿ.”

“ಯಾವೂರೋರಂತೆ?” ಎಂದರು ಅತ್ತೆ.

“ಅದ್ನೆಲ್ಲ ಕೇಳಕ್ಕಾಯ್ತದಾ? ದೊಡ್ಡ ಮನುಷ್ರು.”

“ನನ್ನ ನೋಡಕ್ ಬಂದಾಗ ನಮ್ಮ ಮುತ್ತಾತನ್ ಊರೂ ಕೇಳಿದ್ರಿ.”

ಅಷ್ಟರಲ್ಲಿ ಆ ವೆಬ್‌ಸೈಟನ್ನೇ ದೊಡ್ಡ ಕಂಪನಿ ಕೊಂಡುಕೊಂಡಿತು. ಪುಕ್ಕಟೆ ಬರೆದಿಟ್ಟದ್ದೆಲ್ಲ ಇನ್ನು ಕಂಪನಿಯ ಪಾಲು ಎಂದು ಅಲ್ಲಿ ಒಂದೇ ಗಲಾಟೆ. ಇವತ್ತೇ ಗಂಟುಮೂಟೆ ಕಟ್ಟೋಣ ಎನ್ನುವವರು ಕೆಲವರು, ಕಾದು ನೋಡೋಣ ಎನ್ನುವವರು ಕೆಲವರು, ಮಿಕ್ಕವರದು ಬರೀ ಬೈಗುಳ. ಮಾವನಿಗೆ ಮಾತ್ರ ಒಂದೇ ಭಯ: ಕಪ್ಪೆಯವರು ಜಾಗ ಖಾಲಿ ಮಾಡಿದರೆ ಹುಡುಕುವುದೆಲ್ಲಿ?

ಅವರಿಗೆ ಗೊತ್ತಿದ್ದ ಆಯುಧವೂ ಒಂದೇ. ಅರ್ಜಿ ಬರೆದರು. “ಬಾಜುದಾರರಿಗೆ ತಿಳಿಸದೆ ಮಾಡಿರುವ ಸದರಿ ಕ್ರಯ ಊರ್ಜಿತವಲ್ಲ. ಚಕ್ಕುಬಂದಿ: ಪೂರ್ವಕ್ಕೆ ಯಾರದೋ ಚದುರಂಗದಾಟ, ಪಶ್ಚಿಮಕ್ಕೆ ಹಾಡು ಕೇಳಿಸುವ ಪ್ರೋಗ್ರಾಂ, ಉತ್ತರಕ್ಕೆ ಶ್ರೀ ಕಪ್ಪೆಯವರು, ದಕ್ಷಿಣಕ್ಕೆ ಓಣಿ.” ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು ನಗು ತಡೆದುಕೊಂಡು ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಯಂತ್ರದ ಉತ್ತರ ಅರೆನಿಮಿಷದಲ್ಲಿ ಬಂತು.

“ಇಷ್ಟು ಬಿರ್ನೆ ಹಿಂಬರಹ ಕೊಡೋ ಆಪೀಸು ಎಲ್ಲಾದ್ರೂ ನೋಡಿದ್ದೀಯೇನ್ಲಾ?” ಎಂದು ಮಾವ ಬೀಗಿದರು.

ಮಾವ ತಮ್ಮ ಗದ್ದೆಯ ನಾಟಿ ಮುಗಿಸಿಕೊಂಡು ಎರಡು ವಾರ ಬಿಟ್ಟು ಸೈಬರ್ ಸೆಂಟರಿಗೆ ಹೋದಾಗ ವೆಬ್‌ಸೈಟಿನಲ್ಲಿ ಕಪ್ಪೆಯವರ ಜಾಗ ಖಾಲಿಯಾಗಿತ್ತು. ಒಂದು ಸಾಲಿನ ವಿಳಾಸವೂ ಇರಲಿಲ್ಲ. ಅಕ್ಕಪಕ್ಕದ ಮುಕ್ಕಾಲು ಪಾಲು ಜನ ಹೋಗಿಬಿಟ್ಟಿದ್ದರು.

“ನೀವೂ ಬೇರೆ ಕಡೆಗೆ ಹೋಗಿಬುಡಿ ಮಾವ,” ಎಂದೆ.

“ಬ್ಯಾಡ ಕಣ್ಲಾ. ಅವ್ರು ಒಂದಿನ ಬಂದು ನೋಡ್ತಾರೆ. ನಾನೂ ಇಲ್ದಿದ್ರೆ ಎಲ್ಲಿ ಹುಡುಕ್ತಾರೆ? ನನ್ನೂರೂ ಅವ್ರಿಗೆ ಗೊತ್ತಿಲ್ಲ.”

ಕಂಪನಿಯ ಮೇಲೆ ಅರ್ಜಿ ಹಾಕಿದ ಮನುಷ್ಯ ಕಂಪನಿಯ ಜಾಗದಲ್ಲೇ ಉಳಿದರು. ಪ್ರತಿ ಭಾನುವಾರ ಹೋಗಿ ಪ್ರೋಗ್ರಾಂನಲ್ಲಿ ಏನೋ ಬರೆದು ಬರುತ್ತಿದ್ದರು. ಒಮ್ಮೆ ಕುತೂಹಲಕ್ಕೆ ತೆರೆದು ನೋಡಿದೆ. ಚೆನ್ನಾಗಿ ನಡೆಯುತ್ತಿದ್ದ ಪ್ರೋಗ್ರಾಂಗೆ ವಾರಕ್ಕೊಂದು ತಪ್ಪನ್ನು ಬೇಕೆಂದೇ ಸೇರಿಸಿದ್ದರು.

“ಯಾಕ್ ಮಾವ ಹಿಂಗ್ ಮಾಡಿದ್ದೀರಿ?”

“ತಿದ್ದಕ್ಕೇ ಏನೂ ಇಲ್ದಿದ್ರೆ ಅವ್ರು ಯಾಕ್ ಬತ್ತಾರೆ, ಹೇಳು,” ಎಂದರು ಮಾವ, ನನ್ನ ಮುಖ ನೋಡದೆ.

ಅದುವರೆಗೆ ನಕ್ಕಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು. ಆ ತಪ್ಪುಗಳಲ್ಲಿ ಒಂದನ್ನೂ ನಾನು ಮುಟ್ಟಲಿಲ್ಲ.