ಚಕ್ಕುಲಿ ಡಬ್ಬದ ಕ್ಯಾಮೆರಾ

ನಮ್ಮ ಭಾವ ಕ್ಯಾಮೆರಾ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತಾರೆ. ಊಟಕ್ಕೆ ಕೂರುವ ಮುಂಚೆಯೂ ತೊಳೆಯುತ್ತಾರೋ ಇಲ್ಲವೋ, ಅದನ್ನು ನನ್ನ ಅಕ್ಕನನ್ನೇ ಕೇಳಬೇಕು. ನಾನು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು. ಹೆಸರಾಂತ ಸರ್ಜನ್ನರು ಕೈ ತೊಳೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಅವರಲ್ಲಿ ಒಬ್ಬರೂ ಭಾವನಷ್ಟು ಶ್ರದ್ಧೆಯಿಂದ ಉಗುರಿನ ಸಂದು ಉಜ್ಜಿದವರಲ್ಲ. ವ್ಯತ್ಯಾಸ ಇಷ್ಟೇ. ಸರ್ಜನ್ನರು ಕೈ ತೊಳೆದ ಮೇಲೆ ಆಪರೇಷನ್ ಮಾಡುತ್ತಿದ್ದರು. ಭಾವ ತೊಳೆದು, ಒರೆಸಿ, ಒಣಗಿಸಿ ಮುಗಿಸುವಷ್ಟರಲ್ಲಿ ರೋಗಿ ಎದ್ದು ಮನೆಗೆ ಹೋಗಿಬಿಟ್ಟಿರುತ್ತಿದ್ದ!

ಅದು ಕ್ಯಾಮ್‌ಕಾರ್ಡರ್. ವಿಡಿಯೊ ತೆಗೆಯುವುದಕ್ಕೆಂದೇ ಇರುವ, ಅಂಗೈಯಲ್ಲಿ ಹಿಡಿಸುವ ಯಂತ್ರ. ಎಲ್ಲರೂ ಫೋನಿನಲ್ಲೇ ಮದುವೆ ನಾಮಕರಣ ಮುಗಿಸುತ್ತಿರುವ ಕಾಲದಲ್ಲಿ ಭಾವ ಅದನ್ನು ಕೊಂಡರು. ಕಾರಣ ಅಕ್ಕನ ಹಾಡು.

ನಮ್ಮದು ಮಹದೇವಪುರದ ಕಡೆಯ ಹಳೆಯ ಒಕ್ಕಲು ಮನೆ. ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ ಹಾಡುವ ಒಂದು ಸೋಬಾನೆ ಅಮ್ಮನ ಬಾಯಲ್ಲಿತ್ತು. ಅದು ಅಕ್ಕನಿಗೆ ಬಂತು. ನನಗೆ ಬರಲಿಲ್ಲ, ನನ್ನದು ವಾರ್ಡಿನ ಆ ತುದಿಯವರೆಗೆ ಕೂಗಿ ಬೆಳೆದ ಗಂಟಲು. ಹಾಡಿನಲ್ಲಿ ಮಗಳೊಬ್ಬಳು ಕೆರೆ ಏರಿಯ ಮೇಲೆ ನಿಂತು ತವರನ್ನು ತಿರುಗಿ ನೋಡುತ್ತಾಳೆ. ಆ ಕೆರೆ ಇದ್ದಲ್ಲಿ ಈಗ ಗಾಜಿನ ಕಟ್ಟಡಗಳಿವೆ. ಜೋರು ಮಳೆ ಬಂದಾಗ ಮಾತ್ರ ಕೆರೆಗೆ ತನ್ನ ಜಾಗ ನೆನಪಾಗಿ, ಬಂದು ಎರಡು ದಿನ ಇದ್ದು ಹೋಗುತ್ತದೆ.

ಈ ಹಾಡಿಗೆ ಒಂದು ಕಟ್ಟಳೆ ಇದೆ. ಮದುವಣಗಿತ್ತಿ ಎದುರಿಗಿಲ್ಲದೆ ಪೂರ್ತಿ ಹಾಡಬಾರದು. ಕೆಲಸ ಮಾಡುತ್ತ ಒಂದೆರಡು ಸಾಲು ಗುನುಗಿದರೆ ತಪ್ಪಿಲ್ಲ. ಕೊನೆಯ ನುಡಿಯನ್ನಂತೂ ಮನೆಯಲ್ಲಿ ಬಾಯಿ ಬಿಟ್ಟು ಅನ್ನುವ ಹಾಗೇ ಇಲ್ಲ. ಅದನ್ನು ಹಿಡಿಯಬೇಕಾದರೆ ಮದುವೆಯಲ್ಲೇ ಹಿಡಿಯಬೇಕು. ಅಕ್ಕನ ನಂತರ ಅದನ್ನು ಹಾಡುವವರು ಯಾರೂ ಇಲ್ಲ.

"ಫೋನಲ್ಲೇ ಹಿಡಿದ್ರೆ ಆಗಲ್ವಾ ಭಾವ?" ಎಂದು ಕೇಳಿದ್ದೆ.

"ಏನ್ ಮೇಟ್ರನ್ನಮ್ಮ, ನೀವು ಜ್ವರಾನ ಅಂಗೈಯಲ್ಲಿ ನೋಡ್ತಿದ್ರೋ, ಥರ್ಮಾಮೀಟ್ರಲ್ಲಿ ನೋಡ್ತಿದ್ರೋ?"

ಇಂಥವರ ಜೊತೆ ವಾದ ಮಾಡುವುದು ಹೇಗೆ? ದೊಡ್ಡ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದವರು. ಯಾವುದನ್ನೂ ಪರೀಕ್ಷೆ ಮಾಡದೆ ಪಾಸು ಮಾಡಿದವರಲ್ಲ. ನನ್ನ ಅಕ್ಕನನ್ನು ನೋಡುವುದಕ್ಕೂ ಮೂರು ಸಲ ಬಂದಿದ್ದರು.

ಕ್ಯಾಮೆರಾ ಆರಿಸುವ ದಿನ ಭಾವ ಮನೆಯಿಂದ ಒಂದು ಗುಂಡು ಬದನೆಕಾಯಿ ತೆಗೆದುಕೊಂಡು ಹೊರಟರು. ಯಾಕೆಂದರೆ ಬದನೆಕಾಯಿಯ ಬಣ್ಣವನ್ನು ಸರಿಯಾಗಿ ತೋರಿಸುವ ಕ್ಯಾಮೆರಾ ಯಾವ ಬಣ್ಣದಲ್ಲೂ ಸುಳ್ಳು ಹೇಳುವುದಿಲ್ಲವಂತೆ. ನಾನೂ ಜೊತೆಗಿದ್ದೆ. ಇಂದಿರಾನಗರದ ಅಂಗಡಿಗಳಲ್ಲಿ ಬದನೆಕಾಯಿಯನ್ನು ಗಾಜಿನ ಕೌಂಟರಿನ ಮೇಲೆ ಇಟ್ಟು, ಅತ್ತ ಇತ್ತ ತಿರುಗಿಸಿ, ಒಂದೊಂದು ಕ್ಯಾಮೆರಾದಲ್ಲೂ ನೋಡಿದರು. ಒಂದರಲ್ಲಿ ನೇರಳೆ ಹಣ್ಣಿನಂತೆ ಕಂಡಿತಂತೆ, ಇನ್ನೊಂದರಲ್ಲಿ ಸುಟ್ಟ ಬದನೆಯಂತೆ. ಕೊನೆಗೆ ಶಿವಾಜಿನಗರದ ಒಂದು ಅಂಗಡಿಗೆ ಬಂದೆವು.

"ಅಂಕಲ್, ಬದನೆಕಾಯಿ ತಂದಿದೀರ, ಸರಿ. ಜೊತೆಗೆ ನಿಂಬೆಹಣ್ಣೂ ತಂದಿದ್ರೆ ದೃಷ್ಟಿನೂ ತೆಗೆದು ಕೊಡ್ತಿದ್ದೆ," ಎಂದ ಅಂಗಡಿಯವ.

ಭಾವ ನಗಲಿಲ್ಲ. ಪರದೆಯಲ್ಲಿ ಕಣ್ಣಿಟ್ಟು, "ಈ ಕ್ಯಾಮೆರಾ ಸರಿ ಇಲ್ಲ ಕಣ್ರೀ. ಸುಕ್ಕು ತೋರಿಸ್ತಿದೆ," ಎಂದರು.

"ಸುಕ್ಕು ಕ್ಯಾಮೆರಾದಲ್ಲಿ ಇಲ್ಲ ಅಂಕಲ್. ಬೆಳಿಗ್ಗೆಯಿಂದ ಬಿಸಿಲಲ್ಲಿ ತಿರುಗಿಸಿದೀರ, ಪಾಪ, ಬದನೆಕಾಯಿ ಸುಸ್ತಾಗಿದೆ."

ಭಾವ ಬದನೆಕಾಯಿಯನ್ನು ಕೈಗೆತ್ತಿಕೊಂಡು ನೋಡಿದರು. ಬಾಡಿತ್ತು. "ಇದ್ದಿದ್ದನ್ನ ಇದ್ದ ಹಾಗೆ ತೋರಿಸ್ತು. ಇದೇ ಇರಲಿ," ಎಂದರು. ಆ ರಾತ್ರಿ ಅಕ್ಕ ಅದನ್ನೇ ಎಣ್ಣೆಗಾಯಿ ಮಾಡಿದಳು.

ಕೊಂಡದ್ದೇನೋ ಆಯಿತು. ಇನ್ನು ಆರೈಕೆ. ಬೆಂಗಳೂರಿನ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ ಎಂದು ಯಾರೋ ಹೇಳಿಬಿಟ್ಟರು. ಭಾವ ಹೊಸ ತಿಪ್ಪಸಂದ್ರದ ತಮ್ಮ ಮನೆಯನ್ನೆಲ್ಲ ಜಾಲಾಡಿ, ಗಾಳಿಯಾಡದ ಪಾತ್ರೆ ಒಂದೇ ಎಂದು ತೀರ್ಮಾನಿಸಿದರು: ಅಕ್ಕ ಚಕ್ಕುಲಿ ತುಂಬಿಡುವ ಸ್ಟೀಲ್ ಡಬ್ಬ. ಚಕ್ಕುಲಿ ಹೊರಗೆ ಬಂತು, ಕ್ಯಾಮೆರಾ ಒಳಗೆ ಹೋಯಿತು. ತೇವ ಹೀರಲು ಸಿಲಿಕಾ ಹರಳಿನ ಪೊಟ್ಟಣಗಳು ಬೇಕಲ್ಲ? ನೆಂಟರ ಮನೆಗೆ ಹೋದಾಗಲೆಲ್ಲ, "ಹೊಸ ಚಪ್ಪಲಿ ತಗೊಂಡ್ರಾ?" ಎಂದು ಅಕ್ಕರೆಯಿಂದ ವಿಚಾರಿಸಿ, ಅದರ ಪೆಟ್ಟಿಗೆ ತಡಕುವುದು ಶುರುವಾಯಿತು. ಹರಳು ತೇವವಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕಂತೆ. ಒಂದು ದಿನ ಎದುರು ಮನೆಯಾಕೆ ಬಂದವರು ಇಣುಕಿ ನೋಡಿ, "ಏನ್ ಅಂಕಲ್, ಸಬ್ಬಕ್ಕಿ ಹುರೀತಿದೀರ? ಪಾಯಸ ಆದ್ಮೇಲೆ ನಮ್ಮನೇಗೂ ಒಂದ್ ಲೋಟ," ಎಂದು ಹೋದರು.

"ನನ್ ಬಾಣಲೇಲಿ ಇನ್ನೊಂದ್ಸಲ ಇದನ್ನ ಹಾಕಿದ್ರೆ ನಿಮಗೆ ಅದ್ರಲ್ಲೇ ಒಗ್ಗರಣೆ," ಎಂದಳು ಅಕ್ಕ. ಭಾವ ಬೇರೆ ಬಾಣಲೆ ತಂದರು. ಅಕ್ಕ ಚಕ್ಕುಲಿಗೆ ಅಂಥದ್ದೇ ಇನ್ನೊಂದು ಡಬ್ಬ ತಂದಳು. ಈ ಎರಡನೆಯದು ಮುಂದೆ ಎಂಥ ಪೆಟ್ಟು ಕೊಟ್ಟಿತೆಂದು ಹೇಳುತ್ತೇನೆ.

ಯಂತ್ರವನ್ನು ಸುಮ್ಮನೆ ಇಟ್ಟರೂ ಕೆಡುತ್ತದೆ, ವಾರಕ್ಕೊಮ್ಮೆ ಸ್ಕೂಟರ್ ಸ್ಟಾರ್ಟ್ ಮಾಡಿದ ಹಾಗೆ ಓಡಿಸಬೇಕು. ಇದು ಭಾವನ ಇನ್ನೊಂದು ನಿಯಮ. ಭಾನುವಾರ ತಿಂಡಿಯಾದ ಮೇಲೆ ಅಡುಗೆ ಮನೆ ಬಾಗಿಲಲ್ಲಿ ನಿಂತು, "ಟೆಸ್ಟ್, ಟೆಸ್ಟ್" ಎಂದು ಒಂದೇ ಒಂದು ನಿಮಿಷ ವಿಡಿಯೊ ಹಿಡಿಯುತ್ತಿದ್ದರು. ಅಕ್ಕ ಬೆನ್ನು ತಿರುಗಿಸಿಕೊಂಡು ತನ್ನ ಪಾಡಿಗೆ ಗುನುಗುತ್ತ ತರಕಾರಿ ಹೆಚ್ಚುತ್ತಿರುತ್ತಿದ್ದಳು. ಅವಳ ಕೈ ಕ್ಯಾಮೆರಾ ಹತ್ತಿರ ಬಂತೋ, ಭಾವನದೇ ಕೂಗು: "ಅರಿಶಿನದ ಕೈ, ಮುಟ್ಬೇಡ!" ಶಿಸ್ತಿನ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ನನ್ನ ವಾರ್ಡಿನಲ್ಲಿ ರೋಗಿಯನ್ನು ಮುಟ್ಟುವುದಕ್ಕಾದರೂ ಅವಕಾಶವಿತ್ತು.

ಮೊದಲನೆಯ ಮದುವೆ ಹಲಸೂರಿನಲ್ಲಿ, ನಮ್ಮ ದೊಡ್ಡಪ್ಪನ ಮೊಮ್ಮಗಳದು. ದೂಳು ಬೀಳಬಾರದೆಂದು ಭಾವ ಕ್ಯಾಮೆರಾವನ್ನು ಎಸಿ ಕ್ಯಾಬಿನಲ್ಲಿ ತಂದರು. ತಣ್ಣಗಾದ ಕ್ಯಾಮೆರಾ ಜನ ತುಂಬಿ ಬೇಯುತ್ತಿದ್ದ ಛತ್ರದೊಳಗೆ ಬಂದದ್ದೇ ತಡ, ಲೆನ್ಸಿನ ಮೇಲೆಲ್ಲ ಮಂಜು ಕವಿಯಿತು. ಅತ್ತ ಅಕ್ಕ ಹಾಡಲು ಎದ್ದು ನಿಂತಿದ್ದಾಳೆ.

"ಆನ್ ಮಾಡಿ ಭಾವ."

"ಒಳಗೆ ತೇವ ಇರೋವಾಗ ಆನ್ ಮಾಡಿದ್ರೆ ಸರ್ಕ್ಯೂಟ್ ಹೋಗುತ್ತೆ. ತಾನಾಗೇ ಆರಲಿ."

ತಾನಾಗೇ ಆರಿತು. ಅಷ್ಟರಲ್ಲಿ ಹೆಣ್ಣು ಗಂಡನ ಮನೆ ತಲುಪಿ ಹಾಲು ಉಕ್ಕಿಸಿದ್ದಳು.

ಎರಡನೆಯದು ಕೆ.ಆರ್. ಪುರದಲ್ಲಿ. ಈ ಸಲ ಎಸಿ ಇಲ್ಲದ ಆಟೊ. ಡಬ್ಬವನ್ನು ಮಡಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಮುಂಚಿತವಾಗಿ ಕೈ ತೊಳೆದರು. ಹಾಡಿಗೆ ಮೊದಲು ಎಲ್ಲರನ್ನೂ ದೂರ ಸರಿಸಿ, ಗಂಟು ಬಿಚ್ಚಿ, ಮುಚ್ಚಳ ತೆಗೆದರು.

ಡಬ್ಬದ ತುಂಬ ಚಕ್ಕುಲಿ.

ಬೀಗರ ಕಡೆಯ ಹಿರಿಯರೊಬ್ಬರು, "ಇದೆಲ್ಲ ಯಾಕ್ ತರೋಕ್ ಹೋದ್ರಿ," ಎಂದು ಸಂಕೋಚದಿಂದಲೇ ಒಂದು ತೆಗೆದುಕೊಂಡರು. ಡಬ್ಬ ಸುತ್ತು ಹೊಡೆಯಿತು. ಅಕ್ಕ ಹಾಡುತ್ತಿದ್ದಳು, ಛತ್ರವೆಲ್ಲ ಕರುಂ ಕುರುಂ ಎನ್ನುತ್ತಿತ್ತು. ಭಾವನೂ ಎರಡು ತಿಂದರು. ಹೇಗೂ ಕೈ ತೊಳೆದಿತ್ತಲ್ಲ!

"ಬಿಡ್ರೀ," ಎಂದಳು ಅಕ್ಕ ವಾಪಸು ಬರುವಾಗ. "ನಮ್ಮ ಮಗಳ ಮದುವೇಲಿ ಹಿಡಿಯೋರಂತೆ. ನನ್ ಹಾಡು ಎಲ್ಲಿಗ್ ಹೋಗುತ್ತೆ?"

ಹಾಡು ಹೋಗಲಿಲ್ಲ, ಗಂಟಲು ಹೋಯಿತು. ಮಗಳ ಮದುವೆ ಗೊತ್ತಾದ ಮೇಲೆ ಅಕ್ಕನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ತೆಗೆಯಲೇಬೇಕಿತ್ತು, ತೆಗೆದರು. ದನಿಯ ನರಗಳು ಗಡ್ಡೆಗೇ ಅಂಟಿಕೊಂಡಿದ್ದವು. ಇಂಥದ್ದನ್ನು ಎಷ್ಟೋ ಮನೆಯವರಿಗೆ ಸಮಾಧಾನವಾಗಿ ತಿಳಿಸಿ ಹೇಳಿದ್ದ ನಾನು ಭಾವನಿಗೆ ಮಾತ್ರ ಸರಿಯಾಗಿ ಹೇಳಲಾರದೆ ಹೋದೆ. ಅಕ್ಕ ಉಳಿದಳು. ಅವಳಿಗೆ ಉಳಿದದ್ದು ಪಿಸುದನಿ.

ಆರೈಕೆಗೆಂದು ಅವರ ಮನೆಯಲ್ಲೇ ಇದ್ದೆ. ಒಂದು ಸಂಜೆ ಭಾವ ಕ್ಯಾಮೆರಾದ ಪುಟ್ಟ ಸ್ಪೀಕರನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೂತಿದ್ದರು.

"ಏನ್ ಭಾವ ಅದು?"

"ಟೆಸ್ಟು."

"ಯಾವ ಟೆಸ್ಟು?"

"ಭಾನುವಾರದ್ದು. ಒಂದನ್ನೂ ಅಳಿಸಿಲ್ಲ. ಅಳಿಸ್ತಾ ಇದ್ರೆ ಕಾರ್ಡು ಸವೆಯುತ್ತೆ ಅಂತ."

ತೆಗೆದುಕೊಂಡು ನೋಡಿದೆ. ಅಕ್ಕನ ಬೆನ್ನು, ಕುಕ್ಕರು, "ಟೆಸ್ಟ್, ಟೆಸ್ಟ್." ಅದರ ಹಿಂದೆ ಗುನುಗು. ಒಂದು ಭಾನುವಾರ ಮೊದಲ ನುಡಿಯ ಎರಡು ಸಾಲು. ಮುಂದೆಂದೋ ಸೊಪ್ಪು ಬಿಡಿಸುವಾಗ ನಡುವಿನ ಸಾಲು. ಮಗಳು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಸಾಲುಗಳ ಕ್ರಮ ನಾನು ಹೇಳಿದೆ. ಹಾಡಲು ಬರದಿದ್ದರೂ ಯಾವುದರ ಮುಂದೆ ಯಾವುದು ಎಂದು ಗೊತ್ತಿತ್ತು. ಕೂಡಿಸಿದಾಗ ಅಮ್ಮನ ಹಾಡು ಎದ್ದು ಕೂತಿತು. ಕೊನೆಯ ನುಡಿಯೊಂದನ್ನು ಬಿಟ್ಟು. ಅದನ್ನು ಅಕ್ಕ ಮನೆಯಲ್ಲಿ ಎಂದೂ ಗುನುಗಿದವಳಲ್ಲ. "ಇದ್ದಷ್ಟೇ ಸಾಕು," ಎಂದು ಕೈಸನ್ನೆ ಮಾಡಿದಳು ಅಕ್ಕ.

ಮಗಳ ಮದುವೆ. ಹೆಣ್ಣೊಪ್ಪಿಸುವ ಹೊತ್ತು. ಸ್ಪೀಕರಿನಲ್ಲಿ ಅಕ್ಕನ ದನಿ ಬಂತು. ನಡುವೆ ಕುಕ್ಕರ್ ಕೂಗಿತು, ಜನ ನಕ್ಕರು, ಆಮೇಲೆ ನಗಲಿಲ್ಲ. ಭಾವ ಕ್ಯಾಮೆರಾ ಹಿಡಿದು ನಿಂತಿದ್ದರು. ಮಂಜು ಇರಲಿಲ್ಲ, ಚಕ್ಕುಲಿ ಇರಲಿಲ್ಲ, ಬ್ಯಾಟರಿ ತುಂಬಿತ್ತು. ಹಾಡು ಕೊನೆಯ ನುಡಿಯ ಹೊಸ್ತಿಲಿಗೆ ಬಂದು ನಿಂತುಹೋಯಿತು. ಆರತಿಗೆ ಅರಿಶಿನ ಕಲಸುತ್ತಿದ್ದ ಅಕ್ಕ ತಲೆ ಎತ್ತಿದಳು. ತುಟಿ ಅಲ್ಲಾಡಿತು, ಯಾರಿಗೂ ಏನೂ ಕೇಳಿಸಲಿಲ್ಲ.

ಭಾವ ನೇರ ಅಕ್ಕನ ಹತ್ತಿರ ಹೋಗಿ ಕ್ಯಾಮೆರಾ ಚಾಚಿದರು. "ಹಿಡ್ಕೋ."

ಅಕ್ಕ ಎರಡೂ ಕೈ ಬಿಡಿಸಿ ತೋರಿಸಿದಳು. ಅರಿಶಿನ.

"ಇರ್ಲಿ. ಹಿಡ್ಕೋ."

ಮಗಳ ಎದುರಿಗೆ ಹೋಗಿ ನಿಂತರು, ಕೆಮ್ಮಿದರು.

"ಹತ್ತಿ ಇದ್ಯಾ ಮೇಟ್ರನ್ನಮ್ಮ, ಕಿವಿಗೆ?" ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು. ಸೋಬಾನೆಯನ್ನು ನಮ್ಮಲ್ಲಿ ಗಂಡಸರು ಹಾಡುವುದಿಲ್ಲ. ಭಾವ ಹಾಡಿದರು. ರಾಗ ಒಂದು ಕಡೆ, ಭಾವ ಒಂದು ಕಡೆ. ಆದರೆ ಒಂದು ಅಕ್ಷರ ತಪ್ಪಲಿಲ್ಲ.

*ಏರಿ ಇಳಿಯೇ ಮಗಳೆ, ಕೆರೆ ತುಂಬೈತೆ,*
*ನೀ ಹೊಕ್ಕ ಮನೆಯಾಗೆ ದೀಪ ಕಾಯ್ತೈತೆ.*

ಆ ವಿಡಿಯೊ ಮೊನ್ನೆ ಮತ್ತೆ ನೋಡಿದೆವು. ಅರ್ಧ ಫ್ಯಾನು, ಅರ್ಧ ಭಾವನ ಮೂಗು, ಎಲ್ಲವೂ ನಡುಗುತ್ತದೆ. ಆದರೆ ಮೈಕು ಅಕ್ಕನ ಬಾಯಿಯ ಹತ್ತಿರವೇ ಇತ್ತು. ಭಾವನ ಒರಟು ದನಿಗಿಂತ ಮುಂದೆ, ಉಸಿರಿನಷ್ಟೇ ಆದ ಇನ್ನೊಂದು ದನಿ ಅದೇ ನುಡಿಯನ್ನು ಕೊನೆಯವರೆಗೆ ಹೇಳುತ್ತದೆ. ಫೋನಾಗಿದ್ದರೆ ಇದು ಸಿಗುತ್ತಿರಲಿಲ್ಲವೆಂದು ಭಾವ ಈಗಲೂ ವಾದ ಮಾಡುತ್ತಾರೆ. ನಾನು ಒಪ್ಪಿಕೊಳ್ಳುತ್ತೇನೆ.

ಕ್ಯಾಮೆರಾ ಮತ್ತೆ ಡಬ್ಬ ಸೇರಿದೆ. ಹರಳು ಹುರಿಯುವುದು, ಭಾನುವಾರದ ಟೆಸ್ಟು, ಯಾವುದೂ ತಪ್ಪಿಲ್ಲ. ಲೆನ್ಸಿನ ಅಂಚಿನಲ್ಲಿ ಒಂದು ಹಳದಿ ಹೆಬ್ಬೆರಳಿನ ಗುರುತಿದೆ. ಎಲ್ಲ ಕಡೆ ಒರೆಸುವ ಭಾವ ಅಲ್ಲಿಗೆ ಬಂದಾಗ ಬಟ್ಟೆ ಮಡಿಚಿ ಇಡುತ್ತಾರೆ.