ಕ್ಯಾಮೆರಾ ಕಂಬಕ್ಕೆ ಆಯುಧಪೂಜೆ

ಹೊನ್ನಾಳಿಯ ನಮ್ಮ ಸರ್ಕಲ್ಲಿನ ಸಂಚಾರ ಕ್ಯಾಮೆರಾವನ್ನು ಉಳಿಸಿಕೊಳ್ಳಲು ಪೂಜೆಯೊಂದೇ ದಾರಿ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಪೂರ್ಣ ಎಚ್ಚರದಲ್ಲಿ. ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾದ ನಾನು ಆವೇಶಕ್ಕೆ ಒಳಗಾಗುವವನಲ್ಲ. ಎರಡೂ ಕಡೆಯವರ ಮಾತು ಕೇಳಿದ ಮೇಲೆಯೇ ತಪ್ಪು ಮಾಡುತ್ತೇನೆ.

ಒಂದು ಕಡೆ ನನ್ನ ಹೆಂಡತಿ ಶೋಭಾ, ಸರ್ಕಲ್ ಪಕ್ಕದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕ್ಯಾಮೆರಾ ಬರುವ ಮೊದಲು ಶಾಲೆ ಬಿಡುವ ಹೊತ್ತಿಗೆ ಅವಳು ರಸ್ತೆ ಮಧ್ಯೆ ಎರಡೂ ಕೈ ಚಾಚಿ ನಿಂತು ಮಕ್ಕಳನ್ನು ದಾಟಿಸುತ್ತಿದ್ದಳು. ಭತ್ತದ ಲಾರಿಗಳು ಅವಳ ಸೆರಗು ಹಾರಿಸಿಕೊಂಡು ಹೋಗುತ್ತಿದ್ದವು. ಕ್ಯಾಮೆರಾ ಬಂದ ಮೇಲೆ ಅವೇ ಲಾರಿಗಳು ಮದುವಣಗಿತ್ತಿಯ ಹಾಗೆ ನಡೆಯಲು ಕಲಿತವು.

ಇನ್ನೊಂದು ಕಡೆ ಸರ್ಕಲ್ಲಿನ ಚಹಾ ಅಂಗಡಿಯ ರುದ್ರಪ್ಪ. ಹೆಲ್ಮೆಟ್ ಇಲ್ಲದ್ದಕ್ಕೆ ಅವನ ಫೋನಿಗೆ ಬಂದ ದಂಡದ ಮೆಸೇಜು ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿತ್ತು.

"ಸಾರ್, ಅದಕ್ಕೆ ನಮ್ಮಂಥೋರ ಬೋಳುತಲೆ ಮಾತ್ರ ಕಾಣತೈತೆ. ಬೇಕಾದೋರು ಹೋದ್ರೆ ಕಣ್ಣು ಮುಚ್ಕಂತೈತೆ. ನಿಮ್ಮನ್ನ ಯಾವತ್ತಾರ ಹಿಡಿದೈತಾ?"

"ನಾನು ಹೆಲ್ಮೆಟ್ ಹಾಕ್ತೀನಲ್ಲ, ರುದ್ರಪ್ಪ."

"ಪೇಪರ್‌ನೋರು ಅಂತ ಬಿಟ್ಟೈತೆ, ಹೋಗ್ರಿ."

ದಸರಾ ರಜೆ ಮುಗಿಯುವುದರೊಳಗೆ ಕಂಬ ಕೀಳಿಸಬೇಕೆಂದು ಅವನ ಅಂಗಡಿಯಲ್ಲಿ ಸಹಿ ಸಂಗ್ರಹ ಶುರುವಾಯಿತು. ಅದನ್ನು ನೋಡಿ ಬಂದ ಶೋಭಾ, "ಶಾಲೆ ತೆರೆದ್ಮೇಲೆ ಮತ್ತೆ ಲಾರಿ ಮುಂದೆ ಕೈ ಚಾಚ್ಕಂಡು ನಿಲ್ಲಬೇಕೇನ್ರಿ ನಾನು? ಏನಾರ ಮಾಡ್ರಿ," ಎಂದಳು.

ಏನಾದರೂ ಮಾಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಆಯುಧಪೂಜೆ ಹತ್ತಿರವಿತ್ತು. ಆ ದಿನ ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರ್ ತನಕ ಎಲ್ಲಕ್ಕೂ ಹೂವು ಏರಿಸುತ್ತಾರೆ. ಹೂವು ಏರಿಸಿದ್ದನ್ನು ಕಿತ್ತೆಸೆಯಲು ಯಾರಿಗೂ ಮನಸ್ಸು ಬಾರದು. ಕ್ಯಾಮೆರಾಕ್ಕೂ ಪೂಜೆಯಾದರೆ ಕಂಬ ಉಳಿದ ಹಾಗೆಯೇ. ರುದ್ರಪ್ಪನನ್ನು ಕೇಳಿದೆ. ಕಂಬದ ಮೇಲೆ ಎಷ್ಟೇ ಸಿಟ್ಟಿದ್ದರೂ ಪೂಜೆಗೆ ಒಲ್ಲೆ ಎನ್ನುವವನಲ್ಲ ಅವನು.

ಹಬ್ಬದ ಬೆಳಿಗ್ಗೆ ಏಣಿ ಒಯ್ಯಲು ನಮ್ಮ ಮನೆಗೆ ಬಂದ. ನಾನು ಬೈಕ್ ಹತ್ತಿದೆ. ಅವನು ಏಣಿಯ ಮೆಟ್ಟಿಲುಗಳ ನಡುವೆ ತಲೆ ತೂರಿಸಿ ಹಿಂದೆ ಕುಳಿತ.

"ಹೆಲ್ಮೆಟ್ ಎಲ್ರಿ?" ಎಂದಳು ಶೋಭಾ.

"ದೇವರ ಮುಂದೆ ಐತೆ. ನೀನೇ ಅಲ್ವಾ ಕುಂಕುಮ ಹಚ್ಚಿದ್ದು? ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರದು."

"ಬೈಕಿಗೂ ಹಚ್ಚೀನಿ. ಅದನ್ನ ಹೆಂಗೆ ಮುಟ್ಟಿದ್ರಿ?"

ಇಂಥ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತ ನಿಂತರೆ ಮುಹೂರ್ತ ಮೀರುತ್ತದೆ. ಗಾಡಿ ಬಿಟ್ಟೆ.

ಸರ್ಕಲ್ಲಿನಲ್ಲಿ ಜನ ಸೇರಿದ್ದರು. ನಾನೇ ಏಣಿ ಹತ್ತಿ ಕಂಬಕ್ಕೆ ಚೆಂಡುಹೂವಿನ ಹಾರ ಕಟ್ಟಿ, ಕ್ಯಾಮೆರಾದ ಬೆನ್ನಿಗೆ ವಿಭೂತಿ ಎಳೆದೆ.

"ಬೆನ್ನಿಗೆ ಯಾರಾರ ವಿಭೂತಿ ಹಚ್ತಾರೇನ್ರಿ ಸಾರ್?" ಕೆಳಗಿನಿಂದ ರುದ್ರಪ್ಪ ಕೂಗಿದ. "ಮುಖಕ್ಕೆ ಹಚ್ರಿ."

ಮಾತು ಸರಿಯಾಗಿತ್ತು. ಕ್ಯಾಮೆರಾಕ್ಕೆ ಮುಖವೆಂದರೆ ಗಾಜು. ನೀರಿನಲ್ಲಿ ಕಲಸಿದ ವಿಭೂತಿಯನ್ನು ಗಾಜಿನ ಮೇಲೆ ದಪ್ಪನಾಗಿ ಮೂರು ಪಟ್ಟೆ ಎಳೆದೆ. ನಡುವೆ ಕುಂಕುಮ. ಕೆಳಗೆ ಬೂದುಗುಂಬಳ ಒಡೆದರು, ಮಂಡಕ್ಕಿ ಹಂಚಿದರು. ಸಹಿ ಹಾಕಿದ್ದವರೂ ಕೈಮುಗಿದರು. ನಾನು ಗೆದ್ದಿದ್ದೆ.

ಮರುದಿನ ಸಬ್ ಇನ್‌ಸ್ಪೆಕ್ಟರ್ ಫೋನ್ ಮಾಡಿದರು. "ಸರ್ಕಲ್ ಕ್ಯಾಮೆರಾಕ್ಕೆ ಯಾರೋ ಏನೋ ಬಳಿದಾರೆ. ನಿನ್ನೆಯಿಂದ ಬರೀ ಬೆಳ್ಳಗೆ ಕಾಣ್ತೈತೆ. ಕಿಡಿಗೇಡಿಗಳ ಸುಳಿವು ಸಿಕ್ರೆ ಹೇಳ್ರಿ."

"ಪರಿಶೀಲಿಸಿ ತಿಳಿಸುತ್ತೇನೆ," ಎಂದೆ.

ಪರಿಶೀಲನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ರುದ್ರಪ್ಪನನ್ನು ಕರೆದುಕೊಂಡು ಠಾಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಕ್ಕು, ಕ್ಯಾಮೆರಾ ಕುರುಡಾಗುವ ಮುನ್ನ ತೆಗೆದ ಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಬೋಳುತಲೆಯ ನಾನು ಬೈಕಿನ ಮೇಲೆ, ಹಿಂದೆ ಏಣಿಯನ್ನೇ ಹಾರವಾಗಿ ಧರಿಸಿದ ರುದ್ರಪ್ಪ. ಇನ್ನೊಂದರ ತುಂಬ ನನ್ನ ಮುಖ: ಭಕ್ತಿಯಿಂದ ನಾಲಿಗೆ ಹೊರಬಂದಿದೆ, ಮೂರು ಬೆರಳು ಮೇಲೆದ್ದಿವೆ.

"ಗಾಜು ಒರೆಸಿಕೊಡ್ರಿ ಸಾಕು. ಹಬ್ಬದ ದಿನ, ಅದೂ ಪೂಜೆ ಕೆಲಸ. ಹೆಲ್ಮೆಟ್ ವಿಷಯ ಹೆಂಗಾರ ಮಾಡಾಣ. ನೀವು ನಮಗೆ ಬೇಕಾದೋರು," ಎಂದರು ಸಬ್ ಇನ್‌ಸ್ಪೆಕ್ಟರ್.

ನನಗೆ ಹಾಯೆನಿಸಿತು. ಪಕ್ಕಕ್ಕೆ ತಿರುಗಿದೆ. ರುದ್ರಪ್ಪ ಹುಬ್ಬು ಏರಿಸಿದ. ಆ ಹುಬ್ಬಿನಲ್ಲಿ ಸಹಿ ಸಂಗ್ರಹ ಭರದಿಂದ ಸಾಗಿತ್ತು.

"ದಂಡ ಹಾಕ್ರಿ ಸಾರ್," ಎಂದೆ.

"ಬ್ಯಾಡ ಬಿಡ್ರಿ."

"ದಯವಿಟ್ಟು ಹಾಕ್ರಿ. ನಿಮಗೆ ಕೈ ಮುಗಿತೀನಿ."

ದಂಡಕ್ಕಾಗಿ ಹೀಗೆ ಅಂಗಲಾಚಿದವರನ್ನು ಆ ಠಾಣೆ ಹಿಂದೆ ಕಂಡಿರಲಾರದು. ಕೊನೆಗೂ ಅವರು ಮನಸ್ಸು ಮಾಡಿದರು.

ಏಣಿಯನ್ನು ಈ ಸಲ ನಡೆದುಕೊಂಡೇ ಒಯ್ದೆವು. ಶೋಭಾ ಒದ್ದೆಬಟ್ಟೆ ಕೊಟ್ಟಳು, ರುದ್ರಪ್ಪ ಏಣಿ ಹಿಡಿದ. ನಾನಿನ್ನೂ ಮೇಲಿದ್ದಾಗಲೇ ಜೇಬಿನಲ್ಲಿ ಫೋನ್ ಕುಂಯ್ ಎಂದಿತು. ರುದ್ರಪ್ಪ ನನ್ನನ್ನು ಕೆಳಗಿಳಿಸಿ, ಫೋನ್ ಇಸಿದುಕೊಂಡು, ದಂಡದ ಮೆಸೇಜನ್ನು ಅಂಗಡಿ ಮುಂದೆ ಗಟ್ಟಿಯಾಗಿ ಓದಿದ.

"ಪೂಜೆ ಮಾಡಿದೋರ್ನೂ ಬಿಟ್ಟಿಲ್ಲ ಕಣ್ರಪ್ಪೋ! ಇರ್ಲಿ ಬಿಡ್ರಿ ಕಂಬ. ನ್ಯಾಯವಾದ್ದೇ ಐತೆ." ಸಹಿಯ ಹಾಳೆಯಲ್ಲಿ ನನಗೆ ಬಿಸಿ ಮಿರ್ಚಿ ಕಟ್ಟಿಕೊಟ್ಟ.

ಶಾಲೆ ತೆರೆದ ದಿನ ಲಾರಿಗಳು ನಿಧಾನಿಸಿದವು. ಶೋಭಾ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಆರಾಮವಾಗಿ ರಸ್ತೆ ದಾಟಿದಳು.

ಆ ಸಂಜೆ ನಾನು ಸುದ್ದಿ ಬರೆದೆ: "ವ್ಯಕ್ತಿಯೊಬ್ಬರಿಗೆ ದಂಡ." ಶೋಭಾ ಭುಜದ ಮೇಲಿಂದ ಇಣುಕಿ, "ಬೇರೆಯೋರ ಸುದ್ದಿಗಾದ್ರೆ ಹೆಸರು, ಊರು ಎಲ್ಲ ಹಾಕ್ತೀರಿ. ಈ ವ್ಯಕ್ತಿ ಯಾವ ಊರೋನ್ರಿ?" ಎಂದಳು. ಹೆಸರು ಹಾಕಿದೆ. ಠಾಣೆಯಿಂದ ಪಡೆದ ನನ್ನ ಮುಖದ ಚಿತ್ರವನ್ನೂ ಕಳಿಸಿದೆ.

ನಮ್ಮ ಸಂಪಾದಕರು ಸುದ್ದಿಯನ್ನು ನಾಲ್ಕು ಸಾಲಿಗೆ ಇಳಿಸಿ, ಚಿತ್ರವನ್ನು ಅರ್ಧ ಪುಟಕ್ಕೆ ಏರಿಸಿದರು. ವರದಿಗಾರನಾದ ಮೇಲೆ ನನ್ನ ಫೋಟೊ ಪತ್ರಿಕೆಯಲ್ಲಿ ಬಂದದ್ದು ಅದೇ ಮೊದಲು. ನಾಲಿಗೆ ಹೊರಗೇ ಇತ್ತು. ಛಾಯಾಗ್ರಾಹಕರ ಹೆಸರು ಬರುವ ಜಾಗದಲ್ಲಿ "ಸರ್ಕಲ್ ಕಂಬ" ಎಂದು ಹಾಕಿದ್ದರು.